ಮದುವೆಗೆ ಸರಿಯಾದ ಛಾಯಾಗ್ರಾಹಕರ ಆಯ್ಕೆ: ಜೈನ ಕುಟುಂಬಗಳು ಗಮನಿಸಬೇಕಾದ ಅಂಶಗಳು

ಮದುವೆ ಮುಗಿದ ಮರುದಿನ ಚಪ್ಪರ ಕಳಚುತ್ತಾರೆ, ಹೂವು ಬಾಡುತ್ತದೆ, ಊಟದ ರುಚಿ ನಾಲ್ಕು ದಿನದ ಮಾತಾಗಿ ಉಳಿಯುತ್ತದೆ. ಇಪ್ಪತ್ತು ವರ್ಷಗಳ ನಂತರವೂ ಮನೆಯಲ್ಲಿ ಉಳಿದಿರುವುದು ಫೋಟೊ ಆಲ್ಬಂ ಮಾತ್ರ. ಅಜ್ಜ-ಅಜ್ಜಿ, ದೊಡ್ಡಪ್ಪ, ಸೋದರತ್ತೆ, ದೂರದ ಊರುಗಳಲ್ಲಿ ನೆಲೆಸಿದ ಮಕ್ಕಳು ಎಲ್ಲರೂ ಒಂದೇ ಚೌಕಟ್ಟಿನಲ್ಲಿ ಕಾಣಸಿಗುವುದು ಬಹುತೇಕ ಮದುವೆಯಲ್ಲಿಯೇ. ಅನೇಕ ಮನೆಗಳ ಗೋಡೆಯ ಮೇಲೆ ಮಾಲೆ ಹಾಕಿ ತೂಗುಹಾಕಿರುವ ಹಿರಿಯರ ಭಾವಚಿತ್ರ, ಯಾವುದೋ ಮದುವೆಯ ಗುಂಪು ಚಿತ್ರದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದಾಗಿರುತ್ತದೆ. ಅದಕ್ಕಿಂತ ಉತ್ತಮವಾದ ಚಿತ್ರ ಆ ಹಿರಿಯರದ್ದು ಬೇರೆ ಇರುವುದಿಲ್ಲ.

ಇಷ್ಟು ಮುಖ್ಯವಾದ ಕೆಲಸವನ್ನು ಹೆಚ್ಚಿನ ಕುಟುಂಬಗಳು ಕೊನೆಗೆ ನಿರ್ಧರಿಸುತ್ತವೆ. ಕಲ್ಯಾಣ ಮಂಟಪ, ಅಡುಗೆಯವರು, ಆಭರಣ, ಸೀರೆ, ಆಮಂತ್ರಣ ಪತ್ರಿಕೆ ಎಲ್ಲ ಆದ ಮೇಲೆ ಉಳಿದ ಹಣದಲ್ಲಿ, ಉಳಿದ ಸಮಯದಲ್ಲಿ ಫೋಟೊಗ್ರಾಫರ್ ಹುಡುಕಾಟ ನಡೆಯುತ್ತದೆ. ಊಟದಲ್ಲಿ ಲೋಪವಾದರೆ ಮತ್ತೊಮ್ಮೆ ಕರೆದು ಬಡಿಸಬಹುದು. ಧಾರೆಯ ಕ್ಷಣದ ಚಿತ್ರ ತಪ್ಪಿದರೆ ಮತ್ತೆ ಧಾರೆ ಎರೆಸಲು ಆಗದು. ಆದ್ದರಿಂದ ಈ ಆಯ್ಕೆಯನ್ನು ಹೇಗೆ ಮಾಡಬೇಕು, ಏನನ್ನು ಕೇಳಬೇಕು, ಏನನ್ನು ಬರೆಸಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಛಾಯಾಚಿತ್ರ ಒಂದು ದಾಖಲೆ

ಮದುವೆಯ ಚಿತ್ರ ನೆನಪಿಗೆ ಮಾತ್ರವಲ್ಲ, ದಾಖಲೆಯಾಗಿಯೂ ಬೇಕಾಗುತ್ತದೆ. 1955ರ ಹಿಂದೂ ವಿವಾಹ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ. ಅದರ 7ನೇ ವಿಧಿಯ ಪ್ರಕಾರ ವಧು ಅಥವಾ ವರನ ಕಡೆಯ ಸಂಪ್ರದಾಯದಂತೆ ವಿಧಿಗಳು ನಡೆಯಬೇಕು. ಆ ವಿಧಿಗಳಲ್ಲಿ ಸಪ್ತಪದಿ ಸೇರಿದ್ದರೆ ಏಳನೆಯ ಹೆಜ್ಜೆಯನ್ನು ಇಟ್ಟಾಗ ಮದುವೆ ಪೂರ್ಣವಾಗುತ್ತದೆ. ವಿಧಿಗಳೇ ನಡೆಯದೆ ಕೇವಲ ನೋಂದಣಿ ಪತ್ರದಿಂದ ಮದುವೆ ಸಿಂಧುವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ನೀಡಿದ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ವಿವಾಹ ನೋಂದಣಿ, ವಿದೇಶಕ್ಕೆ ಹೋಗುವ ಪತಿ ಅಥವಾ ಪತ್ನಿಯ ವೀಸಾ ಮುಂತಾದ ಸಂದರ್ಭಗಳಲ್ಲಿ ಆಮಂತ್ರಣ ಪತ್ರಿಕೆಯ ಜೊತೆಗೆ ಮದುವೆಯ ಚಿತ್ರಗಳನ್ನೂ ಕೇಳುವುದುಂಟು.

ಹೀಗಿರುವಾಗ ವಧುವಿನ ಬಳೆ, ಮೆಹಂದಿ, ಚಪ್ಪಲಿಯ ನೂರು ಕಲಾತ್ಮಕ ಚಿತ್ರಗಳಿದ್ದು, ಸಪ್ತಪದಿಯಲ್ಲಿ ಇಬ್ಬರ ಮುಖವೂ ಪಾದವೂ ಒಟ್ಟಿಗೆ ಕಾಣುವ ಒಂದೇ ಒಂದು ಚಿತ್ರ ಇಲ್ಲದಿದ್ದರೆ ಆ ಆಲ್ಬಂ ಅಪೂರ್ಣವೇ ಸರಿ. ವಿಧಿಗಳನ್ನು ತಿಳಿದು ಚಿತ್ರ ತೆಗೆಯುವವರೇ ಮೊದಲ ಆಯ್ಕೆಯಾಗಬೇಕು.

ಸಾಂಪ್ರದಾಯಿಕ ಮತ್ತು ಕ್ಯಾಂಡಿಡ್

ಇಂದು ಮದುವೆ ಛಾಯಾಗ್ರಹಣದಲ್ಲಿ ಮುಖ್ಯವಾಗಿ ಎರಡು ಶೈಲಿಗಳಿವೆ. ಸಾಂಪ್ರದಾಯಿಕ ಶೈಲಿಯಲ್ಲಿ ಬಂಧುಗಳನ್ನು ವೇದಿಕೆಯ ಮೇಲೆ ನಿಲ್ಲಿಸಿ, ಎಲ್ಲರೂ ಕ್ಯಾಮೆರಾ ನೋಡುವಂತೆ ಚಿತ್ರ ತೆಗೆಯುತ್ತಾರೆ. ಕ್ಯಾಂಡಿಡ್ ಶೈಲಿಯಲ್ಲಿ ಯಾರನ್ನೂ ನಿಲ್ಲಿಸದೆ, ನಡೆಯುತ್ತಿರುವುದನ್ನು ನಡೆಯುವ ಹಾಗೆಯೇ ಸೆರೆಹಿಡಿಯುತ್ತಾರೆ. ಮಗಳನ್ನು ಕಳುಹಿಸುವಾಗ ತಂದೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವುದು, ಮಂತ್ರ ನಡೆಯುವಾಗ ಚಿಕ್ಕ ಮಗು ಅಕ್ಷತೆಯ ತಟ್ಟೆಗೆ ಕೈ ಹಾಕುವುದು, ಇಂತಹವು ಕ್ಯಾಂಡಿಡ್‌ನಲ್ಲಿ ಮಾತ್ರ ಸಿಗುತ್ತವೆ.

ಯುವಕರು ಕ್ಯಾಂಡಿಡ್ ಸಾಕೆನ್ನುತ್ತಾರೆ, ಹಿರಿಯರು ಗುಂಪು ಚಿತ್ರವೇ ಬೇಕೆನ್ನುತ್ತಾರೆ. ಇಬ್ಬರ ಮಾತಿನಲ್ಲಿಯೂ ಅರ್ಥವಿದೆ. ಕ್ಯಾಂಡಿಡ್ ಮಾತ್ರ ತೆಗೆಸಿದ ಮದುವೆಗಳಲ್ಲಿ ನಂತರ ಕೇಳಿಬರುವ ದೊಡ್ಡ ಕೊರಗು ಒಂದೇ: ಮಾವನ ಕುಟುಂಬದ ಪೂರ್ಣ ಚಿತ್ರವೇ ಇಲ್ಲ. ಆದ್ದರಿಂದ ವೇದಿಕೆಯ ಮುಂದೆ ಸಾಂಪ್ರದಾಯಿಕ ಚಿತ್ರಕ್ಕೆ ಒಬ್ಬರು, ಕ್ಯಾಂಡಿಡ್‌ಗೆ ಒಬ್ಬರು, ವಿಡಿಯೋಗೆ ಒಬ್ಬರು ಎಂಬುದು ಮಧ್ಯಮ ಗಾತ್ರದ ಮದುವೆಗೆ ಸಮತೋಲನದ ವ್ಯವಸ್ಥೆ. ಹಣ ಸೀಮಿತವಾಗಿದ್ದರೆ ಎರಡೂ ಶೈಲಿ ಬಲ್ಲ ಒಬ್ಬ ಅನುಭವಿಯನ್ನು ಆರಿಸಿ, ಡ್ರೋನ್, ಎಲ್‌ಇಡಿ ಪರದೆ, ಪ್ರಿ-ವೆಡ್ಡಿಂಗ್ ಚಿತ್ರೀಕರಣ ಮುಂತಾದವನ್ನು ಬಿಡುವುದು ಜಾಣತನ.

ಯಾವಾಗ ಹುಡುಕಬೇಕು?

ಆಷಾಢ, ಪರ್ಯೂಷಣ ಮತ್ತು ದಶಲಕ್ಷಣ ಪರ್ವದ ದಿನಗಳನ್ನು ಬಿಟ್ಟು ಉಳಿದ ಶುಭ ಮುಹೂರ್ತಗಳಲ್ಲೇ ಮದುವೆಗಳು ಸೇರುತ್ತವೆ. ಅದರಲ್ಲಿಯೂ ಭಾನುವಾರ ಬಂದ ಮುಹೂರ್ತಕ್ಕೆ ಎಲ್ಲಿಲ್ಲದ ಬೇಡಿಕೆ. ಅದೇ ದಿನ ಎಲ್ಲ ಸಮುದಾಯಗಳ ಮದುವೆಗಳೂ ಇರುವುದರಿಂದ ಒಳ್ಳೆಯ ಛಾಯಾಗ್ರಾಹಕರು ತಿಂಗಳುಗಳ ಮೊದಲೇ ಮುಂಗಡ ಪಡೆದಿರುತ್ತಾರೆ. ಮಂಟಪದ ದಿನಾಂಕ ಖಚಿತವಾದ ವಾರದಲ್ಲಿಯೇ ಛಾಯಾಗ್ರಾಹಕರ ಬಳಿಯೂ ಮಾತನಾಡುವುದು ಒಳಿತು.

ಪೂರ್ತಿ ಮದುವೆಯ ಆಲ್ಬಂ ನೋಡಬೇಕು

ಸಾಮಾಜಿಕ ಜಾಲತಾಣದಲ್ಲಿ ಕಾಣುವ ಚಿತ್ರಗಳು ಐವತ್ತು ಮದುವೆಗಳಿಂದ ಆರಿಸಿದ ಐವತ್ತು ಚಿತ್ರಗಳಾಗಿರುತ್ತವೆ. ಅವುಗಳಿಂದ ಛಾಯಾಗ್ರಾಹಕರ ಅತ್ಯುತ್ತಮ ಕೆಲಸ ತಿಳಿಯುತ್ತದೆಯೇ ಹೊರತು ಸಾಮಾನ್ಯ ಕೆಲಸ ತಿಳಿಯದು. ಹಾಗಾಗಿ ಒಂದೇ ಮದುವೆಯ, ಮೊದಲಿನಿಂದ ಕೊನೆಯವರೆಗಿನ ಆಲ್ಬಂ ತೋರಿಸುವಂತೆ ಕೇಳಬೇಕು. ಅದನ್ನು ನೋಡುವಾಗ ಗಮನಿಸಬೇಕಾದ ಅಂಶಗಳು:

1. ಮುಖ್ಯ ವಿಧಿಗಳೆಲ್ಲ ಕ್ರಮವಾಗಿ ಬಂದಿವೆಯೇ? ಮಾಂಗಲ್ಯಧಾರಣೆಯ ಚಿತ್ರದಲ್ಲಿ ವರನ ಕೈ, ವಧುವಿನ ಮುಖ ಎರಡೂ ಕಾಣುತ್ತವೆಯೇ?

2. ಹೋಮದ ಹೊಗೆ ಮತ್ತು ಬೆಂಕಿಯ ಬೆಳಕಿನಲ್ಲಿ ತೆಗೆದ ಚಿತ್ರ ಸ್ಪಷ್ಟವಾಗಿದೆಯೇ? ಇದು ಛಾಯಾಗ್ರಾಹಕರ ನಿಜವಾದ ಪರೀಕ್ಷೆ.

3. ಚರ್ಮದ ಬಣ್ಣ ಸಹಜವಾಗಿದೆಯೇ? ಎಲ್ಲರನ್ನೂ ಬೆಳ್ಳಗೆ ಮಾಡುವ, ಮುಖದ ಗೆರೆಗಳನ್ನೆಲ್ಲ ಅಳಿಸುವ ತಿದ್ದುಪಡಿ ಆ ಕಾಲಕ್ಕೆ ಚೆಂದ ಕಂಡರೂ ಮುಂದೆ ಅಜ್ಜಿಯ ಮುಖವೇ ಅಜ್ಜಿಯದ್ದಾಗಿ ಕಾಣುವುದಿಲ್ಲ.

4. ದೊಡ್ಡ ಗುಂಪು ಚಿತ್ರದಲ್ಲಿ ಹಿಂದಿನ ಸಾಲಿನವರ ಮುಖ ಸ್ಪಷ್ಟವಾಗಿದೆಯೇ? ಅಂಚಿನಲ್ಲಿ ನಿಂತವರು ಅಗಲವಾಗಿ ಹಿಗ್ಗಿ ಕಾಣುತ್ತಾರೆಯೇ?

ಸಾಧ್ಯವಾದರೆ ಜೈನ ಮದುವೆಯ ಆಲ್ಬಂ ಒಂದನ್ನಾದರೂ ನೋಡಬೇಕು. ಅದನ್ನು ತೆಗೆಸಿದ ಕುಟುಂಬಕ್ಕೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿದರೆ ಸಾಕು: ಆಲ್ಬಂ ಹೇಳಿದ ದಿನಕ್ಕೆ ಕೈ ಸೇರಿತೇ? ಮದುವೆಯ ದಿನ ಹಿರಿಯರೊಂದಿಗೆ, ಪುರೋಹಿತರೊಂದಿಗೆ ಅವರ ನಡವಳಿಕೆ ಹೇಗಿತ್ತು?

ಬರುವವರು ಯಾರು?

ದೊಡ್ಡ ಮುಹೂರ್ತದ ದಿನ ಒಂದೇ ಸ್ಟುಡಿಯೋ ನಾಲ್ಕಾರು ಮದುವೆಗಳನ್ನು ಒಪ್ಪಿಕೊಂಡು, ಬೇರೆಯವರನ್ನು ದಿನಗೂಲಿಗೆ ಕಳುಹಿಸುವುದು ಈ ವೃತ್ತಿಯಲ್ಲಿ ಸಾಮಾನ್ಯ. ಅದು ತಪ್ಪೆಂದೇನೂ ಅಲ್ಲ. ಆದರೆ ಒಬ್ಬರ ಕೆಲಸ ನೋಡಿ ಒಪ್ಪಿದ ಮೇಲೆ ಇನ್ನೊಬ್ಬರು ಬಂದು ನಿಂತರೆ ಮೋಸ ಹೋದಂತಾಗುತ್ತದೆ. ಮದುವೆಯ ದಿನ ಯಾರು ಬರುತ್ತಾರೆ, ಅವರ ಕೆಲಸದ ಮಾದರಿ ಯಾವುದು, ಅವರಿಗೆ ಅನಾರೋಗ್ಯವಾದರೆ ಬದಲಿ ಯಾರು ಎಂಬುದನ್ನು ಮೊದಲೇ ಕೇಳಿ, ಹೆಸರನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು.

ವಿಧಿಗಳ ಪಟ್ಟಿ ಕೊಡುವುದು ಕುಟುಂಬದ ಕರ್ತವ್ಯ

ಜೈನ ಮದುವೆಯ ವಿಧಿಗಳು ಎಲ್ಲೆಡೆ ಒಂದೇ ರೀತಿ ಇಲ್ಲ. ತುಳುನಾಡಿನಲ್ಲಿ ಬಸದಿಯ ಇಂದ್ರರು ನಡೆಸಿಕೊಡುವ ಮದುವೆಯಲ್ಲಿ ಧಾರೆಗೆ ಪ್ರಾಮುಖ್ಯ. ಬೆಳಗಾವಿ, ಧಾರವಾಡದ ಕಡೆ ಉಪಾಧ್ಯಾಯರ ನೇತೃತ್ವದಲ್ಲಿ ಸುರಗಿ, ಅಂತರಪಟ, ಅಕ್ಷತೆ ಮುಖ್ಯ ಘಟ್ಟಗಳು. ಬೆಂಗಳೂರು, ಹುಬ್ಬಳ್ಳಿಗಳಲ್ಲಿ ನೆಲೆಸಿದ ರಾಜಸ್ಥಾನ, ಗುಜರಾತ್ ಮೂಲದ ಕುಟುಂಬಗಳಲ್ಲಿ ಮಾಯರಾ, ತೋರಣ, ಫೇರೆ, ವಿದಾಯಿ ಇರುತ್ತವೆ. ಹೊರಗಿನಿಂದ ಬಂದ ಛಾಯಾಗ್ರಾಹಕರಿಗೆ ಇವುಗಳಲ್ಲಿ ಯಾವುದು ಕ್ಷಣಮಾತ್ರದಲ್ಲಿ ಮುಗಿಯುತ್ತದೆ, ಯಾವುದು ಒಂದು ಗಂಟೆ ನಡೆಯುತ್ತದೆ ಎಂಬುದು ತಿಳಿದಿರುವುದಿಲ್ಲ.

ಆದ್ದರಿಂದ ಮದುವೆಗೆ ಒಂದು ವಾರ ಮೊದಲು ಪುರೋಹಿತರನ್ನು ಕೇಳಿ ವಿಧಿಗಳ ಕ್ರಮ, ಅಂದಾಜು ಸಮಯ, ಯಾವ ವಿಧಿಯಲ್ಲಿ ಯಾರು ಯಾವ ಬದಿಯಲ್ಲಿ ಕೂರುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಡಬೇಕು. ಎರಡನೆಯ ಹಾಳೆಯಲ್ಲಿ ತಪ್ಪದೆ ತೆಗೆಯಬೇಕಾದ ಗುಂಪು ಚಿತ್ರಗಳ ಪಟ್ಟಿ ಇರಲಿ. ಛಾಯಾಗ್ರಾಹಕರಿಗೆ ಬಂಧುಗಳ ಪರಿಚಯವಿರುವುದಿಲ್ಲವಾದ್ದರಿಂದ, ಎಲ್ಲರನ್ನೂ ಬಲ್ಲ ಒಬ್ಬ ಸಂಬಂಧಿಕರನ್ನು ಆ ಪಟ್ಟಿಯೊಂದಿಗೆ ಅವರ ಜೊತೆಗೆ ನಿಲ್ಲಿಸಬೇಕು.

ಪಟ್ಟಿಯ ಮೊದಲ ಸಾಲಿನಲ್ಲಿ ಮನೆಯ ಅತಿ ಹಿರಿಯರ ಹೆಸರಿರಲಿ. ಅವರು ವೇದಿಕೆಯ ಮೆಟ್ಟಿಲು ಹತ್ತಲಾರದೆ ಮೊದಲ ಸಾಲಿನ ಕುರ್ಚಿಯಲ್ಲಿಯೇ ಕುಳಿತಿರುತ್ತಾರೆ, ಊಟವಾದ ಕೂಡಲೇ ಮನೆಗೆ ಹೊರಡುತ್ತಾರೆ. ವಧೂವರರೇ ಕೆಳಗಿಳಿದು ಬಂದು ಅವರ ಬಳಿ ಕುಳಿತು ಒಂದು ಚಿತ್ರ, ಅವರೊಬ್ಬರದ್ದೇ ಒಂದು ಒಳ್ಳೆಯ ಭಾವಚಿತ್ರ ತೆಗೆಸಲು ಐದು ನಿಮಿಷ ಸಾಕು. ಮುಂದೊಂದು ದಿನ ಇಡೀ ಆಲ್ಬಂನಲ್ಲಿ ಮನೆಯವರು ಹುಡುಕುವುದು ಆ ಒಂದು ಚಿತ್ರವನ್ನೇ.

ಬಸದಿ ಮತ್ತು ಮಂಟಪದ ಶಿಸ್ತು

ಅನ್ಯ ಸಮುದಾಯದ ಛಾಯಾಗ್ರಾಹಕರಿಗೆ ಜೈನ ಆಚರಣೆಗಳ ಪರಿಚಯ ಇಲ್ಲದಿರಬಹುದು. ಅವರನ್ನು ದೂರುವ ಬದಲು ಮೊದಲೇ ತಿಳಿಸಿ ಹೇಳುವುದು ಸರಿಯಾದ ಕ್ರಮ.

ಗರ್ಭಗುಡಿಯೊಳಗೆ ಛಾಯಾಗ್ರಹಣಕ್ಕೆ ಅನೇಕ ಬಸದಿಗಳಲ್ಲಿ ಅವಕಾಶವಿಲ್ಲ. ಆಡಳಿತ ಮಂಡಳಿಯ ಅನುಮತಿಯನ್ನು ಕುಟುಂಬವೇ ಮುಂಚಿತವಾಗಿ ಪಡೆಯಬೇಕು. ಶ್ರವಣಬೆಳಗೊಳ, ಕಾರ್ಕಳದ ಬಾಹುಬಲಿ ಮೂರ್ತಿಗಳಂತಹ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸಂರಕ್ಷಿತ ಸ್ಮಾರಕಗಳಲ್ಲಿ ವೃತ್ತಿಪರ ಚಿತ್ರೀಕರಣಕ್ಕೆ ಇಲಾಖೆಯ ಅನುಮತಿ ಬೇಕು. ಮದುವೆಯ ಉಡುಪಿನಲ್ಲಿ ಹೋಗಿ ಕ್ಯಾಮೆರಾ ಸ್ಟ್ಯಾಂಡ್ ಹೂಡಿದ ಮೇಲೆ ಕಾವಲುಗಾರರೊಂದಿಗೆ ವಾದಿಸುವುದು ಕುಟುಂಬಕ್ಕೂ ಶೋಭೆಯಲ್ಲ.

ಚರ್ಮದ ಬೆಲ್ಟ್, ಚರ್ಮದ ಕ್ಯಾಮೆರಾ ಪಟ್ಟಿ, ಚರ್ಮದ ಚೀಲಗಳನ್ನು ಪೂಜಾ ಸ್ಥಳಕ್ಕೆ ತರಬಾರದು. ನೈಲಾನ್ ಪಟ್ಟಿ, ಬಟ್ಟೆಯ ಚೀಲ ಸುಲಭವಾಗಿ ಸಿಗುತ್ತವೆ. ಮುನಿಗಳು ಅಥವಾ ಮಾತಾಜಿಯವರ ದರ್ಶನಕ್ಕೆ ವಧೂವರರು ಹೋದಾಗ ಹತ್ತಿರ ಹೋಗಿ ಫ್ಲ್ಯಾಶ್ ಹಾಯಿಸದೆ, ದೂರದಿಂದ ಸಹಜ ಬೆಳಕಿನಲ್ಲಿ ಒಂದೆರಡು ಚಿತ್ರಕ್ಕೆ ಮುಗಿಸಬೇಕು. ಸಂಜೆ ಹೊತ್ತು ತೆರೆದ ಜಾಗದಲ್ಲಿ ಉರಿಸುವ ಪ್ರಖರ ದೀಪಗಳಿಗೆ ರಾಶಿ ರಾಶಿ ಹುಳುಗಳು ಬಂದು ಸಾಯುತ್ತವೆ. ಅಹಿಂಸೆಯನ್ನು ಪಾಲಿಸುವ ಮನೆಯ ಮದುವೆಯಲ್ಲಿ ಇದಕ್ಕೆ ಯೋಚನೆ ಬೇಕು. ಜೋಡಿಯ ಚಿತ್ರಗಳನ್ನು ಸೂರ್ಯಾಸ್ತದ ಮೊದಲಿನ ಒಂದು ಗಂಟೆಯಲ್ಲಿ ಮುಗಿಸಿದರೆ ದೀಪವೇ ಬೇಕಿಲ್ಲ. ಆ ಹೊತ್ತಿನ ಬೆಳಕಿಗಿಂತ ಚೆಂದದ ಬೆಳಕು ಯಾವ ಸ್ಟುಡಿಯೋದಲ್ಲಿಯೂ ಸಿಗದು.

ಇನ್ನೊಂದು ಸಣ್ಣ ಸಂಗತಿಯನ್ನು ಹೆಚ್ಚಿನವರು ಮರೆಯುತ್ತಾರೆ. ಸೂರ್ಯಾಸ್ತದ ಮೊದಲು ಊಟ ಮುಗಿಯುವ ಮದುವೆಯಲ್ಲಿ ಬೆಳಿಗ್ಗೆ ಐದರಿಂದ ನಿಂತೇ ಇರುವ ಛಾಯಾಗ್ರಾಹಕರ ತಂಡ ಕೊನೆಗೆ ಊಟಕ್ಕೆ ಹೋದಾಗ ಅಡುಗೆಮನೆ ಮುಚ್ಚಿರುತ್ತದೆ. ಅವರಿಗೆ ಯಾವ ಪಂಕ್ತಿಯಲ್ಲಿ ಊಟ ಎಂಬುದನ್ನು ಮೊದಲೇ ನಿಗದಿಪಡಿಸಬೇಕು.

ಉಪಕರಣ ಮತ್ತು ಸಂಗ್ರಹ

ಕ್ಯಾಮೆರಾದ ಬ್ರ್ಯಾಂಡ್ ಕೇಳಿ ಪ್ರಯೋಜನವಿಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ. ಕ್ಯಾಮೆರಾದಲ್ಲಿ ಎರಡು ಮೆಮೊರಿ ಕಾರ್ಡ್‌ಗಳಿಗೆ ಒಟ್ಟಿಗೆ ಚಿತ್ರ ದಾಖಲಾಗುತ್ತದೆಯೇ? ಒಂದು ಕಾರ್ಡ್ ಕೆಟ್ಟರೂ ಇನ್ನೊಂದರಲ್ಲಿ ಚಿತ್ರ ಉಳಿಯುತ್ತದೆ. ಹೆಚ್ಚುವರಿ ಕ್ಯಾಮೆರಾ, ಬ್ಯಾಟರಿ, ಫ್ಲ್ಯಾಶ್ ತರುತ್ತಾರೆಯೇ? ಮದುವೆಯ ರಾತ್ರಿಯೇ ಚಿತ್ರಗಳನ್ನು ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ಗಳಿಗೆ ನಕಲು ಮಾಡುತ್ತಾರೆಯೇ?

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬುದು ಡಿಜಿಟಲ್ ಸಂಗ್ರಹದ ಸರಳ ನಿಯಮ. ಕುಟುಂಬವೂ ಇದನ್ನು ಪಾಲಿಸಬೇಕು. ವಧುವಿನ ತವರಿನಲ್ಲಿ ಒಂದು, ವರನ ಮನೆಯಲ್ಲಿ ಒಂದು ಹಾರ್ಡ್ ಡಿಸ್ಕ್, ಇನ್ನೊಂದು ಪ್ರತಿ ಕ್ಲೌಡ್ ಸಂಗ್ರಹದಲ್ಲಿ ಇದ್ದರೆ ನಿಶ್ಚಿಂತೆ. 1990ರ ದಶಕದ ಮದುವೆಯ ವಿಡಿಯೋ ಕ್ಯಾಸೆಟ್‌ಗಳು ಇಂದು ಬೂಷ್ಟು ಹಿಡಿದು, ನೋಡಲು ಯಂತ್ರವೂ ಇಲ್ಲದೆ ಅಟ್ಟದಲ್ಲಿ ಬಿದ್ದಿರುವುದನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ.

ಪ್ರಮಾಣದ ಅಂದಾಜೂ ಇರಲಿ. ತಿದ್ದದ ಮೂಲ ಕಡತ ತಲಾ 30 ಎಂಬಿ ಎಂದುಕೊಂಡರೆ 2,000 ಚಿತ್ರಗಳಿಗೆ 60 ಜಿಬಿ ಬೇಕು. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ದಾಖಲಾಗುವ 4ಕೆ ವಿಡಿಯೋ ಗಂಟೆಗೆ ಸುಮಾರು 45 ಜಿಬಿ ಆಗುತ್ತದೆ. ಸಣ್ಣ ಪೆನ್ ಡ್ರೈವ್‌ನಲ್ಲಿ ಎಲ್ಲವನ್ನೂ ಕೊಡುತ್ತೇವೆ ಎಂದರೆ ಕುಗ್ಗಿಸಿದ ಪ್ರತಿ ಕೊಡುತ್ತಾರೆ ಎಂದೇ ಅರ್ಥ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯವಾಗಿ ಬಂದ ಚಿತ್ರವೂ ಕುಗ್ಗಿರುತ್ತದೆ. 12×18 ಇಂಚಿನ ಒಳ್ಳೆಯ ಮುದ್ರಣಕ್ಕೆ 3600×5400 ಪಿಕ್ಸೆಲ್, ಅಂದರೆ ಸುಮಾರು 19 ಮೆಗಾಪಿಕ್ಸೆಲ್ ಚಿತ್ರ ಬೇಕಾಗುತ್ತದೆ.

ಡ್ರೋನ್ ಬೇಕೆಂದರೆ 2021ರ ಡ್ರೋನ್ ನಿಯಮಗಳನ್ನು ಗಮನಿಸಬೇಕು. ಡ್ರೋನ್‌ಗೆ ನೋಂದಣಿ ಸಂಖ್ಯೆ ಇರಬೇಕು. 250 ಗ್ರಾಂ ಮೀರಿದ ಡ್ರೋನನ್ನು ಹಣಕ್ಕಾಗಿ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಕು. ವಿಮಾನ ನಿಲ್ದಾಣದ ಸಮೀಪದ ಕೆಂಪು ವಲಯದಲ್ಲಿ ಅನುಮತಿ ಇಲ್ಲದೆ ಹಾರಿಸುವಂತಿಲ್ಲ.

ಲಿಖಿತ ಒಪ್ಪಂದ

ಪರಿಚಯಸ್ಥರು, ನಮ್ಮವರೇ ಎಂಬ ಸಂಕೋಚದಿಂದ ಹೆಚ್ಚಿನವರು ಏನನ್ನೂ ಬರೆಸಿಕೊಳ್ಳುವುದಿಲ್ಲ. ಮನಸ್ತಾಪ ಹುಟ್ಟುವುದೂ ಅಲ್ಲಿಂದಲೇ. ಒಂದು ಪುಟದ ಒಪ್ಪಂದದಲ್ಲಿ ಈ ವಿಷಯಗಳಿದ್ದರೆ ಇಬ್ಬರಿಗೂ ಕ್ಷೇಮ:

1. ದಿನಾಂಕ, ಸ್ಥಳ, ಕೆಲಸದ ಆರಂಭ ಮತ್ತು ಮುಕ್ತಾಯದ ಸಮಯ. ಅರಿಶಿನ ಶಾಸ್ತ್ರ, ಆರತಕ್ಷತೆ, ಬೀಗರ ಔತಣ ಸೇರಿವೆಯೇ ಎಂಬುದು.

2. ಬರುವವರ ಸಂಖ್ಯೆ ಮತ್ತು ಹೆಸರು.

3. ಒಟ್ಟು ಮೊತ್ತ, ಜಿಎಸ್‌ಟಿ ಸೇರಿದೆಯೇ, ಪ್ರಯಾಣ ಮತ್ತು ವಸತಿಯ ವೆಚ್ಚ ಯಾರದ್ದು.

4. ಆಲ್ಬಂ ಗಾತ್ರ, ಹಾಳೆಗಳ ಸಂಖ್ಯೆ, ಹೆಚ್ಚುವರಿ ಹಾಳೆಯ ದರ. ಹಾಳೆ ಮತ್ತು ಪುಟ ಬೇರೆ ಬೇರೆ. 40 ಹಾಳೆ ಎಂದರೆ 80 ಪುಟ.

5. ಎಲ್ಲ ಚಿತ್ರಗಳ ಪೂರ್ಣ ಗಾತ್ರದ ಡಿಜಿಟಲ್ ಪ್ರತಿ ಯಾವಾಗ ಸಿಗುತ್ತದೆ, ಆಲ್ಬಂ ಮತ್ತು ವಿಡಿಯೋ ಯಾವಾಗ ಸಿಗುತ್ತವೆ.

6. ಮದುವೆ ಮುಂದೂಡಿದರೆ ಅಥವಾ ಛಾಯಾಗ್ರಾಹಕರು ಬರಲಾಗದಿದ್ದರೆ ಮುಂಗಡದ ಗತಿ ಏನು.

ಹಣವನ್ನು ಕಂತುಗಳಲ್ಲಿ ಕೊಡುವುದು ರೂಢಿ: ಮುಂಗಡ, ಮದುವೆಯ ದಿನ ಒಂದು ಭಾಗ, ಉಳಿದದ್ದು ಆಲ್ಬಂ ಕೈ ಸೇರಿದ ಮೇಲೆ. ಕೊನೆಯ ಕಂತು ತೀರಾ ಚಿಕ್ಕದಾಗಿದ್ದರೆ ಆಲ್ಬಂ ನಿಧಾನವಾಗುತ್ತದೆ. ಪಾವತಿಗೆ ರಸೀದಿ ಇರಲಿ.

ಆಲ್ಬಂ ತಡವಾಗಲು ಛಾಯಾಗ್ರಾಹಕರೊಬ್ಬರೇ ಕಾರಣರಲ್ಲ ಎಂಬುದನ್ನೂ ಹೇಳಬೇಕು. ಚಿತ್ರಗಳನ್ನು ಆರಿಸಿಕೊಡದೆ ಕುಟುಂಬವೇ ತಿಂಗಳುಗಟ್ಟಲೆ ಸುಮ್ಮನಿರುವುದು ಬಹಳ. ಎರಡೂ ಮನೆಗಳಿಂದ ಒಬ್ಬೊಬ್ಬರು ಕುಳಿತು, ಮದುವೆಯಾದ ಒಂದು ತಿಂಗಳೊಳಗೆ ಆಯ್ಕೆ ಮುಗಿಸುವುದು ಒಳ್ಳೆಯದು.

ಚಿತ್ರದ ಹಕ್ಕು ಯಾರದು?

1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ವಿಧಿಯ ಪ್ರಕಾರ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರ ಹಾಗೂ ಚಲನಚಿತ್ರದ ಮೊದಲ ಹಕ್ಕುದಾರರು ತೆಗೆಸಿದವರೇ. ಬೇರೆ ರೀತಿಯ ಒಪ್ಪಂದವಿದ್ದರೆ ಮಾತ್ರ ಇದು ಬದಲಾಗುತ್ತದೆ. ಆದ್ದರಿಂದ ಸ್ಟುಡಿಯೋ ಕೊಡುವ ಮುದ್ರಿತ ಪತ್ರದಲ್ಲಿ ಹಕ್ಕು ತಮ್ಮದೇ ಎಂಬ ಸಾಲು ಇದೆಯೇ ಎಂದು ಓದಿ ಸಹಿ ಮಾಡಬೇಕು. ವಧುವಿನ ಚಿತ್ರವನ್ನು ಜಾಹೀರಾತಿಗೆ, ಜಾಲತಾಣಕ್ಕೆ ಬಳಸುವ ಮೊದಲು ಒಪ್ಪಿಗೆ ಪಡೆಯಬೇಕು ಎಂದು ಬರೆಸುವುದು ಉಚಿತ. ಮನೆಯೊಳಗಿನ ಅರಿಶಿನ ಶಾಸ್ತ್ರ, ಅಲಂಕಾರದ ಚಿತ್ರಗಳ ವಿಷಯದಲ್ಲಿ ಇದು ಇನ್ನೂ ಅಗತ್ಯ. ವಧುವಿನ ಕೋಣೆಯ ಚಿತ್ರಗಳಿಗೆ ಮಹಿಳಾ ಛಾಯಾಗ್ರಾಹಕರೇ ಬೇಕೆಂದು ಕೇಳುವುದೂ ತಪ್ಪಲ್ಲ.

ಲೋಪವಾದರೆ

ಹಣ ಪಡೆದು ಚಿತ್ರ ಕೊಡದಿದ್ದರೆ ಅಥವಾ ನಿರ್ಲಕ್ಷ್ಯದಿಂದ ಚಿತ್ರಗಳು ನಾಶವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅದು ಸೇವಾ ಲೋಪ. ಮೊದಲು ಲಿಖಿತ ನೋಟಿಸ್ ಕೊಟ್ಟು, ನಂತರ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷಗಳ ಒಳಗೆ ದೂರು ಸಲ್ಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಇಂತಹ ಪ್ರಕರಣಗಳಲ್ಲಿ ಆಯೋಗಗಳು ಪರಿಹಾರ ಕೊಡಿಸಿದ ಉದಾಹರಣೆಗಳಿವೆ. ಆದರೆ ಪರಿಹಾರದ ಹಣದಿಂದ ಕಳೆದುಹೋದ ಚಿತ್ರ ಮರಳಿ ಬರುವುದಿಲ್ಲ. ಆದ್ದರಿಂದಲೇ ಮುನ್ನೆಚ್ಚರಿಕೆ ಮುಖ್ಯ.

ಕೊನೆಯದಾಗಿ

ಮಾಂಗಲ್ಯಧಾರಣೆಯ ಹೊತ್ತಿಗೆ ಹತ್ತಾರು ಮೊಬೈಲ್‌ಗಳು ಏಕಕಾಲಕ್ಕೆ ಮೇಲೇಳುತ್ತವೆ. ಹಣ ಕೊಟ್ಟು ಕರೆಸಿದ ಛಾಯಾಗ್ರಾಹಕರಿಗೇ ದಾರಿ ಇರುವುದಿಲ್ಲ, ಎದುರು ಕುಳಿತ ಹಿರಿಯರಿಗೆ ಕಾಣುವುದು ಬೆನ್ನುಗಳು ಮಾತ್ರ. ಆ ಐದು ನಿಮಿಷ ಎಲ್ಲರೂ ಕುಳಿತು ಅಕ್ಷತೆ ಹಿಡಿದು ನೋಡಬೇಕೆಂದು ಪುರೋಹಿತರಿಂದಲೇ ಒಂದು ಮಾತು ಹೇಳಿಸಿದರೆ ಚಿತ್ರವೂ ಚೆನ್ನಾಗಿ ಬರುತ್ತದೆ, ಮದುವೆಯನ್ನು ಕಣ್ಣಾರೆ ಕಂಡ ತೃಪ್ತಿಯೂ ಎಲ್ಲರಿಗೆ ದೊರೆಯುತ್ತದೆ. ಮದುವೆ ನಡೆಯುವುದು ಚಿತ್ರಕ್ಕಾಗಿ ಅಲ್ಲ. ವಿಧಿಗೆ ಅಡ್ಡಿಯಾಗದೆ ಬದಿಯಲ್ಲಿ ನಿಂತು, ಬೇಕಾದದ್ದನ್ನು ಬಿಡದೆ ಸೆರೆಹಿಡಿಯುವವರೇ ಒಳ್ಳೆಯ ಛಾಯಾಗ್ರಾಹಕರು. ಅಂತಹವರನ್ನು ಬೇಗ ಹುಡುಕಿ, ವಿವರಗಳನ್ನು ತಿಳಿಸಿ, ಗೌರವದಿಂದ ನಡೆಸಿಕೊಂಡರೆ ಮುಂದಿನ ತಲೆಮಾರಿಗೂ ಬೇಕಾಗುವ ಆಲ್ಬಂ ಮನೆ ಸೇರುತ್ತದೆ.